ನೆಲ್ಲಿಕಾಯಿ ಕ್ಯಾಪ್ಸೂಲ್‌ಗೆ ಡಿಪಿಪಿಎಚ್ ರಿಪೋರ್ಟ್ ಒಂದೇ ಸಾಕಾ?

ಸಾಲದು. ತೋಟದ ಬೆಟ್ಟದ ನೆಲ್ಲಿಕಾಯಿ ಒಣಗಿಸಿ ಪುಡಿ ಮಾಡಿಸಿದ್ದೀರಿ, ಲ್ಯಾಬ್‌ನವರು ಡಿಪಿಪಿಎಚ್ (ಆಂಟಿಆಕ್ಸಿಡೆಂಟ್ ಶಕ್ತಿ ನೋಡುವ ಒಂದು ಟೆಸ್ಟ್) 90% ಅಂತ ಬರೆದುಕೊಟ್ಟಿದ್ದಾರೆ, ಇನ್ನು ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್ ಅಂತ ಮಾರಬಹುದಾ ಅಂತ ಕೇಳಿದ್ದೀರಿ. ಆ ಟೆಸ್ಟಲ್ಲಿ ಆಗೋದು ಇಷ್ಟೇ. ನೇರಳೆ ಬಣ್ಣದ ದ್ರಾವಣಕ್ಕೆ ನಿಮ್ಮ ಪುಡಿಯ ಸಾರ ಬಿಡುತ್ತಾರೆ, ಬಣ್ಣ ಇಳಿದು ಹಳದಿಗೆ ತಿರುಗುತ್ತದೆ, ಎಷ್ಟು ಇಳಿಯಿತು ಅಂತ 517 ನ್ಯಾನೋಮೀಟರ್‌ನಲ್ಲಿ ಅಳೆಯುತ್ತಾರೆ. ಟೀ ಡಿಕಾಕ್ಷನ್ ಬಿಟ್ಟರೂ ಇಳಿಯುತ್ತದೆ! ಸಾರ ಎಷ್ಟು ಹಾಕಿದ್ದರು ಅಂತ ರಿಪೋರ್ಟ್‌ನಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ಆ 90ಕ್ಕೆ ಅರ್ಥವೇ ಇಲ್ಲ.

ನಾನು ಇದೇ ಕೆಲಸದಲ್ಲಿ ಇರೋದು, ಮೊದಲ ಸಲ ಕೈ ಸುಟ್ಟುಕೊಂಡಿದ್ದೂ ನೆಲ್ಲಿಕಾಯಿಯಲ್ಲೇ. ಜೆಲಾಟಿನ್ ಕ್ಯಾಪ್ಸೂಲ್‌ಗೆ ತುಂಬಿ, ಬಾಟಲಿ ಬಿಗಿಯಾಗಿ ಮುಚ್ಚಿ, ಎಷ್ಟು ಕಾಲ ಕೆಡದೆ ಉಳಿಯುತ್ತದೆ ಅಂತ ನೋಡೋಕೆ 40 ಡಿಗ್ರಿ ಬಿಸಿ, 75% ತೇವಾಂಶದ ಚೇಂಬರ್‌ನಲ್ಲಿ ಇಟ್ಟಿದ್ದೆವು. ಮೂರನೇ ತಿಂಗಳು ತೆಗೆದು ನೋಡಿದರೆ ಪುಡಿ ಹಳೇ ಬೆಲ್ಲದ ಹಾಗೆ ಕಂದಾಗಿ ಗಂಟು ಕಟ್ಟಿದೆ, ಚಿಪ್ಪನ್ನು ಬೆರಳಲ್ಲಿ ಒತ್ತಿದರೆ ಪಟ್ ಅಂತ ಒಡೆಯುತ್ತಿದೆ. ಜೆಲಾಟಿನ್ ಚಿಪ್ಪಿನಲ್ಲಿ 13ರಿಂದ 16% ನೀರಿರುತ್ತದೆ, ಪುಡಿ ಅದನ್ನೇ ಹೀರಿಕೊಂಡಿತ್ತು. ತಮಾಷೆ ಏನಂದ್ರೆ, ವಿಟಮಿನ್ ಸಿ ಅರ್ಧಕ್ಕರ್ಧ ಹೋಗಿದ್ದರೂ ಡಿಪಿಪಿಎಚ್ ಮಾತ್ರ ಹೆಚ್ಚುಕಮ್ಮಿ ಹಾಗೇ ಇತ್ತು. ನೆಲ್ಲಿಯ ಒಗರು ಪದಾರ್ಥಗಳಾದ ಟ್ಯಾನಿನ್‌ಗಳು ಬಣ್ಣ ಇಳಿಸುತ್ತಲೇ ಇದ್ದವು. ಆಮೇಲೆ ಎಚ್‌ಪಿಎಂಸಿ ಅನ್ನೋ ಸಸ್ಯಮೂಲದ ಚಿಪ್ಪಿಗೆ ಬದಲಾಯಿಸಿದೆವು, ಅದರಲ್ಲಿ ನೀರು ಕಮ್ಮಿ, ಒಣಗಿದರೂ ಅಷ್ಟು ಸುಲಭಕ್ಕೆ ಬಿರಿಯೋದಿಲ್ಲ. ಬಾಟಲಿಗೊಂದು ಸಿಲಿಕಾ ಜೆಲ್ ಪೊಟ್ಟಣವೂ ಬಂತು.

ಅದಕ್ಕೇ ಹೇಳೋದು, ವಿಟಮಿನ್ ಸಿ ಮತ್ತೆ ನೆಲ್ಲಿಯಲ್ಲಿರುವ ಗ್ಯಾಲಿಕ್ ಆಸಿಡ್ ಎರಡನ್ನೂ ಎಚ್‌ಪಿಎಲ್‌ಸಿಯಲ್ಲಿ (ಒಂದೊಂದು ಪದಾರ್ಥವನ್ನೂ ಬೇರ್ಪಡಿಸಿ ಅಳೆಯುವ ವಿಧಾನ) ಅಳತೆ ಮಾಡಿಸಿ. ಮೊದಲ ದಿನ, 3ನೇ ತಿಂಗಳು, 6ನೇ ತಿಂಗಳು. 20 ಕ್ಯಾಪ್ಸೂಲ್ ಒಂದೊಂದಾಗಿ ತೂಗೋದು, 37 ಡಿಗ್ರಿ ನೀರಲ್ಲಿ 30 ನಿಮಿಷದೊಳಗೆ ಬಿಚ್ಚಿಕೊಳ್ಳುತ್ತಾ ನೋಡೋದು, ಸೀಸದ ಲೋಹ, ಬೂಷ್ಟು ಇದೆಯಾ ನೋಡೋದು, ಇವೆಲ್ಲ ಮಾಮೂಲಿ, ಲ್ಯಾಬ್‌ನವರೇ ಹೇಳುತ್ತಾರೆ.

ಲೇಬಲ್ ಮೇಲೆ ಕ್ಯಾನ್ಸರ್ ತಡೆಯುತ್ತದೆ ಅನ್ನೋ ಮಾತು ಮಾತ್ರ ಬೇಡವೇ ಬೇಡ. ಫಿನ್‌ಲೆಂಡ್‌ನಲ್ಲಿ ಸಿಗರೇಟ್ ಸೇದುವ 29,000ಕ್ಕೂ ಜಾಸ್ತಿ ಗಂಡಸರ ಮೇಲೆ ಒಂದು ಅಧ್ಯಯನ ಆಗಿತ್ತು, ಫಲಿತಾಂಶ ಬಂದಿದ್ದು 1994ರಲ್ಲಿ. ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ನುಂಗದವರಿಗಿಂತ 18% ಜಾಸ್ತಿಯೇ ಆಗಿತ್ತು. ಅದೂ ಹೆಸರಾಂತ ಆಂಟಿಆಕ್ಸಿಡೆಂಟೇ ಅಲ್ವಾ? ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಯಮದಲ್ಲಿ 'ಔಷಧಿಯಾಗಿ ಬಳಸಲು ಅಲ್ಲ' ಅಂತ ಬಾಟಲಿ ಮೇಲೆ ಬರೆಯಲೇಬೇಕು. ಅದರ ಪಕ್ಕದಲ್ಲೇ ಆ 90% ದಪ್ಪಕ್ಷರದಲ್ಲಿ ಹಾಕಿಸೋ ಆಸೆ ಇದ್ದರೆ ಈಗಲೇ ಬಿಟ್ಟುಬಿಡಿ.