ಸುತ್ತಿಗೆ ಎತ್ತುವ ಮೊದಲು

ಪ್ರಶ್ನೆ: ನಮ್ಮದು 45 ವರ್ಷದ ಹಳೇ ಮನೆ. ಒಳಗೆ ಕತ್ತಲೆ, ಬೇಸಿಗೆಯಲ್ಲಿ ಸೆಕೆ, ಒಂದು ಗೋಡೆಯಲ್ಲಿ ಸದಾ ತೇವ. ಪೂರ್ತಿ ಕೆಡವಿ, ಪ್ರಶಸ್ತಿ ಬಂದ ಮನೆಗಳ ಹಾಗೆ ಪರಿಸರಸ್ನೇಹಿಯಾಗಿ ಹೊಸದು ಕಟ್ಟಬೇಕೆಂದಿದ್ದೇವೆ. ಮಣ್ಣಿನ ಇಟ್ಟಿಗೆ, ಬಿದಿರು, ಹಸಿರು ಸಿಮೆಂಟ್ ಇವುಗಳಲ್ಲಿ ಯಾವುದು ಒಳ್ಳೆಯದು?

ಉತ್ತರ: ಇದೇ ಪ್ರಶ್ನೆ ತಿಂಗಳಿಗೆ ನಾಲ್ಕಾರು ಸಲ ಬರುತ್ತದೆ. ಮನೆ ಬೇರೆ, ಗೋಡೆ ಬೇರೆ, ‘ಕೆಡವಿ’ ಅನ್ನುವ ಪದ ಮಾತ್ರ ಎಲ್ಲರ ಪತ್ರದಲ್ಲೂ ಇದ್ದೇ ಇರುತ್ತದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಲು ಹೊರಟವರು ಯಾವ ಚಾಕು ಪರಿಸರಕ್ಕೆ ಒಳ್ಳೆಯದು ಅಂತ ಕೇಳಿದರೆ ಏನು ಹೇಳಲಿ?

ಪ್ರಶಸ್ತಿಯ ಮಾತು ನೀವೇ ತೆಗೆದಿರಿ. ವಾಸ್ತುಶಿಲ್ಪದ ಅತಿ ದೊಡ್ಡ ಗೌರವ ಎನ್ನುವ ಪ್ರಿಟ್ಜ್‌ಕರ್ ಪ್ರಶಸ್ತಿ 2021ರಲ್ಲಿ ಫ್ರಾನ್ಸಿನ ವಾಸ್ತುಶಿಲ್ಪಿಗಳಾದ ಆನ್ ಲಕಾತೋ ಮತ್ತು ಜಾನ್ ಫಿಲಿಪ್ ವಸಾಲ್ ಅವರಿಗೆ ಬಂತು. 1996ರಲ್ಲಿ ಬೋರ್ಡೊ ನಗರದ ಒಂದು ಪುಟ್ಟ ಚೌಕವನ್ನು ಚಂದಗಾಣಿಸಿ ಕೊಡಿ ಎಂದು ಇವರನ್ನು ಕೇಳಿದ್ದರು. ಇಬ್ಬರೂ ಹೋಗಿ ನೋಡಿದರು, ಅಲ್ಲಿನ ಜನರನ್ನು ಮಾತಾಡಿಸಿದರು. ಚೌಕ ಈಗಾಗಲೇ ಚೆನ್ನಾಗಿದೆ. ಜಲ್ಲಿ ಬದಲಿಸಿ, ಮರಗಳಿಗೆ ಆರೈಕೆ ಮಾಡಿ, ಇನ್ನಷ್ಟು ಸಲ ಗುಡಿಸಿ, ಸಾಕು ಎಂದರು. ಅದೇ ಊರಿನಲ್ಲಿ 1960ರ ದಶಕದ ಮೂರು ವಸತಿ ಕಟ್ಟಡಗಳಿದ್ದವು, ಒಟ್ಟು 530 ಮನೆ. ಅವನ್ನು ಕೆಡವದೆ ಹೊರಮುಖಕ್ಕೆ ಜಗಲಿಯಷ್ಟು ಹೊಸ ಜಾಗ ಜೋಡಿಸಿದರು, ಹಳೇ ಸಣ್ಣ ಕಿಟಕಿಗಳನ್ನು ಜಾರುಬಾಗಿಲಾಗಿಸಿದರು. ಮನೆಮನೆಗೂ ಗಾಜಿನ ಜಗಲಿ ಬಂತು, ಬೆಳಕು ಬಂತು. ಕೆಲಸ ನಡೆಯುವಾಗ ಜನ ಅಲ್ಲೇ ವಾಸವಿದ್ದರು. ಅದಕ್ಕೆ 2019ರಲ್ಲಿ ಐರೋಪ್ಯ ಒಕ್ಕೂಟದ ವಾಸ್ತುಶಿಲ್ಪ ಪ್ರಶಸ್ತಿಯಾದ ಮೀಸ್ ವಾನ್ ಡೆರ್ ರೋ ಪ್ರಶಸ್ತಿ ಬಂತು. ನೀವು ಫೋಟೋ ನೋಡಿ ಮೆಚ್ಚಿದ ಪ್ರಶಸ್ತಿಗಳೆಲ್ಲ ಹೀಗೇ ಎನ್ನಲಾರೆ, ಖಾಲಿ ಗುಡ್ಡದ ಮೇಲೆ ಕಟ್ಟಿದ ಗಾಜಿನ ಮನೆಗೂ ಎಲೆಚಿತ್ರದ ಫಲಕ ಕೊಡುವವರಿದ್ದಾರೆ.

ಹಸಿರು ಸಿಮೆಂಟಿನ ವಿಷಯ. ಜಗತ್ತಿನಲ್ಲಿ ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇ. 7–8 ಸಿಮೆಂಟಿನದು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಿಮೆಂಟಿನ ಕಚ್ಚಾವಸ್ತುವಾದ ಸುಣ್ಣದಕಲ್ಲಿನ ಒಳಗಿನಿಂದಲೇ ಬರುತ್ತದೆ. ಕಲ್ಲು ಸುಟ್ಟಾಗ ಅನಿಲ ಹೊರಬೀಳಲೇಬೇಕು, ಕಾರ್ಖಾನೆಯ ಚಾವಣಿ ತುಂಬ ಸೌರಫಲಕ ಹಾಕಿದರೂ ಅಷ್ಟೇ. ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿಯನ್ನೋ ಉಕ್ಕಿನ ಕುಲುಮೆಯ ಕಿಟ್ಟವನ್ನೋ ಬೆರೆಸಿದರೆ ಪ್ರಮಾಣ ಇಳಿಯುತ್ತದೆ, ಸೊನ್ನೆಯಾಗುವುದಿಲ್ಲ. ನಿಮ್ಮ ಪಾಯ, ಗೋಡೆ, ತಾರಸಿಯ ಹೊಗೆ 45 ವರ್ಷದ ಹಿಂದೆಯೇ ಗಾಳಿಗೆ ಸೇರಿದೆ. ಅವನ್ನು ಪುಡಿ ಮಾಡಿ ಲಾರಿಗೆ ತುಂಬಿದರೆ ಅದು ವಾಪಸ್ ಬರುವುದಿಲ್ಲ; ಹೊಸ ಕಟ್ಟಡದ ಹೊಗೆ ಅದರ ಮೇಲೆ ಸೇರುತ್ತದೆ.

ಕತ್ತಲೆಗೆ ಮದ್ದು: ಕಿಟಕಿಯನ್ನು ಅಗಲ ಮಾಡಬೇಡಿ, ಕೆಳಗೆ ಇಳಿಸಿ. ಕಿಟಕಿಯ ಕೆಳಗಿನ ಗೋಡೆಯನ್ನಷ್ಟೇ ನೆಲದವರೆಗೆ ಬಿಡಿಸಿದರೆ ಮೇಲಿನ ಗೋಡೆಯ ಭಾರ ಹೊರುವ ಲಿಂಟಲ್ ಇದ್ದಂತೆಯೇ ಇರುತ್ತದೆ. ಅಗಲ ಮಾಡಲು ಹೋದರೆ ಲಿಂಟಲ್ ಬದಲಿಸಬೇಕು, ಅಲ್ಲಿಯವರೆಗೆ ಗೋಡೆಗೆ ಆಧಾರ ಕೊಡಬೇಕು, ಕೊನೆಗೆ ಒಂದು ಲಾರಿ ಒಡೆದ ಚೂರು. ಸೆಕೆ ಬಹುತೇಕ ಮೇಲಿನಿಂದ ಬರುತ್ತದೆ. ಆಫ್ರಿಕಾದ ಬುರ್ಕಿನಾ ಫಾಸೋದ ಗಾಂಡೋ ಶಾಲೆಯಲ್ಲಿ ವಾಸ್ತುಶಿಲ್ಪಿ ಫ್ರಾನ್ಸಿಸ್ ಕೆರೆ ಮಣ್ಣಿನ ಒಳಚಾವಣಿಯ ಮೇಲೆ ಜಾಗ ಬಿಟ್ಟು ತಗಡಿನ ಮಾಡನ್ನು ಎತ್ತಿ ನಿಲ್ಲಿಸಿದರು. ನಡುವೆ ಗಾಳಿ ಹರಿದು ಶಾಖವನ್ನು ಹೊತ್ತೊಯ್ಯುತ್ತದೆ. 2004ರಲ್ಲಿ ಆ ಶಾಲೆಗೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ನಿಮ್ಮ ತಾರಸಿಯ ಮೇಲೂ ಇದೇ ತತ್ವ ನಡೆಯುತ್ತದೆ. ಆದರೆ ಮೇಲಿನ ಮಾಡು ಗಾಳಿಗೆ ಹಾರದಂತೆ ಬಿಗಿಯುವುದನ್ನು ಇಂಜಿನಿಯರ್ ಹೇಳಲಿ, ವೆಲ್ಡರ್ ಅಲ್ಲ.

ತೇವದ ವಿಷಯದಲ್ಲಿ ನನ್ನದೇ ತಪ್ಪೊಂದನ್ನು ಒಪ್ಪಿಸಿಬಿಡುತ್ತೇನೆ. ವೃತ್ತಿಗೆ ಬಂದ ಹೊಸತರಲ್ಲಿ, ಸುಣ್ಣದ ಗಾರೆಯ ಹಳೇ ಗೋಡೆಗೆ ಗಟ್ಟಿ ಇರಲಿ ಎಂದು ಸಿಮೆಂಟ್ ಗಿಲಾವು ಮಾಡಿಸಿದೆ. ಮೇಸ್ತ್ರಿ ಬೇಡ ಸಾರ್ ಎಂದಿದ್ದರು, ನಾನು ಕೇಳಲಿಲ್ಲ. ಒಳಗಿನ ನೀರಿಗೆ ಆರಲು ದಾರಿ ಇಲ್ಲದೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗಿಲಾವು ಹಪ್ಪಳದಂತೆ ಎದ್ದಿತು, ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡೇ ಬಂತು. ಸುಣ್ಣದ ಗೋಡೆಗೆ ಸುಣ್ಣವೇ ಸರಿ. ಅದಕ್ಕೂ ಮೊದಲು ನೀರು ಎಲ್ಲಿಂದ ಬರುತ್ತಿದೆ ಹುಡುಕಿ: ಒಡೆದ ಪೈಪು, ಕಸ ಕಟ್ಟಿಕೊಂಡ ಮಳೆನೀರಿನ ದೋಣಿ, ಗೋಡೆಯ ಬುಡಕ್ಕೆ ಪೇರಿಸಿದ ಮಣ್ಣು. ತೇವ ನಿಲ್ಲಿಸುವ ಮಾಯಾ ಪೇಂಟ್ ಮಾರುವವನನ್ನು ಗೇಟಿನಿಂದಲೇ ಕಳಿಸಿ.

ಹಾಗಾದರೆ ಕೆಡವುವುದೇ ಬೇಡವೇ? ಪಾಯ ಕುಸಿಯುತ್ತಿದ್ದರೆ, ಕಾಂಕ್ರೀಟಿನೊಳಗಿನ ಕಂಬಿ ತುಕ್ಕು ಹಿಡಿದು ರಿಪೇರಿ ಮೀರಿದ್ದರೆ ಬೇರೆ ಮಾತು. ಅದನ್ನು ಹೇಳಬೇಕಾದವರು ಸ್ಟ್ರಕ್ಚರಲ್ ಇಂಜಿನಿಯರ್. ಹೊಸ ಮನೆ ಕಟ್ಟಿಕೊಡುವ ಕಾಂಟ್ರಾಕ್ಟರನ್ನೇ ಕೇಳಿದರೆ ಏನು ಹೇಳಿಯಾನು?

ದುರಸ್ತಿಯಲ್ಲಿ ಅತಿ ಹೆಚ್ಚು ಕಸ ಹುಟ್ಟುವುದು ಹಳೆಯದನ್ನು ತೆಗೆದಾಗ ಅಂದುಕೊಂಡಿರಬಹುದು. ನಾನು ಸೈಟಿನಲ್ಲಿ ಕಂಡಂತೆ, ಮೊನ್ನೆ ಮಾಡಿದ ಹೊಸದನ್ನು ಇವತ್ತು ಒಡೆದಾಗ. ಟೈಲ್ಸ್ ಹಾಕಿದ ಮೇಲೆ ಪೈಪು ನೆನಪಾಗುತ್ತದೆ, ಪೇಂಟ್ ಆದ ಮೇಲೆ ಸ್ವಿಚ್ಚು. ಮೊದಲು ಸೋರಿಕೆ, ಆಮೇಲೆ ಪೈಪು ಮತ್ತು ವೈರು, ಕೊನೆಗೆ ನೆಲ ಮತ್ತು ಬಣ್ಣ. ಕಳಚುವುದಾದರೆ ಕಟ್ಟಿದ್ದಕ್ಕೆ ಉಲ್ಟಾ: ಕದ ಮೊದಲು, ಚೌಕಟ್ಟು ಆಮೇಲೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಇಡಿಯಾಗಿ ಬಿಡಿಸಿಕೊಳ್ಳುತ್ತದೆ, ಸಿಮೆಂಟಿನದು ಇಟ್ಟಿಗೆಯೇ ಒಡೆಯುತ್ತದೆ. ಉಳಿಸಿಕೊಳ್ಳುವ ಬಾಗಿಲುಗಳನ್ನು ನಕ್ಷೆ ಬರೆಯುವ ಮೊದಲೇ ಅಳೆಯಿರಿ, ಕೀಲು ಎಡಕ್ಕೋ ಬಲಕ್ಕೋ ಎಂಬುದನ್ನೂ ಗುರುತಿಸಿ. ನಕ್ಷೆಯಾದ ಮೇಲೆ ಅಳೆದ ಹಳೇ ಬಾಗಿಲು ಎಲ್ಲಿಗೂ ಹೊಂದುವುದಿಲ್ಲ, ಕೊನೆಗೆ ಒಲೆಗೇ ಹೋಗುತ್ತದೆ.

ಒಂದು ಎಚ್ಚರಿಕೆ, ಇದರಲ್ಲಿ ನನಗೆ ತಮಾಷೆಯಿಲ್ಲ. ಹಳೇ ಮನೆಯ ಸಿಮೆಂಟ್ ಶೀಟಿನಲ್ಲಿ ಶ್ವಾಸಕೋಶ ಕೆಡಿಸುವ ಆಸ್ಬೆಸ್ಟಾಸ್ ನಾರು ಇರಬಹುದು, ಹಳೇ ಬಣ್ಣದಲ್ಲಿ ವಿಷಕಾರಿ ಸೀಸ. ಶೀಟನ್ನು ಕೊರೆಯಬೇಡಿ, ಮುರಿಯಬೇಡಿ. ಬಣ್ಣವನ್ನು ಒಣಗಿದ್ದಾಗ ಉಜ್ಜಬೇಡಿ. ಮರುಬಳಕೆಯ ಹುರುಪು ಇಲ್ಲಿ ಬೇಡ, ಬಲ್ಲವರಿಂದ ತೆಗೆಸಿ.

ಪ್ರಶ್ನೆ: ಒಳಗೆ ಗಿಡ ಇಟ್ಟರೆ ಮನೆಯ ಗಾಳಿ ಶುದ್ಧವಾಗುತ್ತದಂತೆ, ಎಷ್ಟು ಇಡಬೇಕು?

ಉತ್ತರ: 2019ರಲ್ಲಿ ಹಳೆಯ ಪ್ರಯೋಗಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದವರ ಪ್ರಕಾರ, ಸಾಮಾನ್ಯ ಗಾಳಿಯಾಟದಷ್ಟು ಕೆಲಸ ಮಾಡಲು ಚದರ ಮೀಟರಿಗೆ ಕಡಿಮೆಯೆಂದರೂ ಹತ್ತು ಕುಂಡ ಬೇಕು. ಕಿಟಕಿ ತೆಗೆಯಿರಿ.

ಪ್ರಶ್ನೆ: ಒಡೆದ ಹೆಂಚು, ಇಟ್ಟಿಗೆಚೂರು ಗೋಡೆಗೆ ಬಳಸಿದರೆ ಬಡತನದಂತೆ ಕಾಣುವುದಿಲ್ಲವೇ?

ಉತ್ತರ: ಚೀನಾದ ವಾಸ್ತುಶಿಲ್ಪಿ ವಾಂಗ್ ಶು ನಿಂಗ್ಬೊ ನಗರದ ವಸ್ತುಸಂಗ್ರಹಾಲಯದ ಗೋಡೆಗಳಿಗೆ ಕೆಡವಿದ ಹಳ್ಳಿಗಳ ಹೆಂಚು, ಇಟ್ಟಿಗೆಗಳನ್ನೇ ಬಳಸಿದರು. 2012ರ ಪ್ರಿಟ್ಜ್‌ಕರ್ ಅವರಿಗೇ ಬಂತು. ಬಡತನ ಕಾಣುವುದು ಕೆಲಸ ಒರಟಾದಾಗ. ಒಳ್ಳೆಯ ಮೇಸ್ತ್ರಿಯನ್ನು ಹುಡುಕಿ.

ಪ್ರಶ್ನೆ: ನಮ್ಮ ಅಡುಗೆಮನೆಯ ಕಪಾಟು ಗಟ್ಟಿಯಾಗಿದೆ, ಬಣ್ಣ ಹಳತಾಗಿದೆ. ಬದಲಿಸೋಣವೇ?

ಉತ್ತರ: ಗಟ್ಟಿಯಾಗಿದೆ ಎಂದು ನೀವೇ ಬರೆದಿದ್ದೀರಿ.