ಹೆಣ್ಣು ಸುಮ್ನೆ ಆಗುವುದಿಲ್ಲ, ಅಕ್ಕಾವ್ರೇ

ಜಮಖಂಡಿ ಕಡೆಯ ಹೈಸ್ಕೂಲ್ ಶಿಕ್ಷಕಿಯೊಬ್ಬರ ಪತ್ರ: "ಹೊಟ್ಟೆಯೊಳಗೆ ಮೊದಲು ಎಲ್ಲ ಕೂಸುಗಳೂ ಹೆಣ್ಣೇ, ವೈ ಕ್ರೋಮೋಸೋಮ್ ಇದ್ದರೆ ಆಮೇಲೆ ಗಂಡಾಗುತ್ತವೆ, ಇಲ್ಲದಿದ್ದರೆ ಹಾಗೇ ಉಳಿಯುತ್ತವೆ ಅಂತ ಕ್ಲಾಸಿನಲ್ಲಿ ಹೇಳಿದೆ. ಒಬ್ಬ ಹುಡುಗಿ ಎದ್ದು, 'ಹಂಗಾದ್ರ ನಾವು ಏನೂ ಆಗ್ಲಾರದ ಉಳಿದವ್ರೇನ್ರಿ?' ಅಂದಳು. ಏನು ಹೇಳಲಿ?"

ಅಕ್ಕಾವ್ರೇ, ಮೊದಲು ಆ ಹುಡುಗಿಗೆ ನನ್ನ ಶಾಬಾಸ್ ಹೇಳಿ. ವಿಜ್ಞಾನಿಗಳೇ ಬಹಳ ವರ್ಷ ಕೇಳದೆ ಬಿಟ್ಟ ಪ್ರಶ್ನೆ ಅದು.

ನೀವು ಹೇಳಿದ್ದಕ್ಕೆ ಆಧಾರ ಇಲ್ಲ ಅಂತಲ್ಲ. 1947ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಜೋಸ್ತ್ ತಾಯಿಮೊಲದ ಹೊಟ್ಟೆಯಲ್ಲಿದ್ದ ಗಂಡು ಮರಿಗಳ ವೃಷಣ ತೆಗೆದು ನೋಡಿದರು. ಆ ಮರಿಗಳಲ್ಲೂ ಗರ್ಭಕೋಶ ಬೆಳೆಯಿತು. ದೊಡ್ಡ ಕೆಲಸ, ಒಪ್ಪೋಣ. ಆದರೆ ಅದನ್ನೇ ಎಳೆದೆಳೆದು, ಹೆಣ್ಣು ಅಂದರೆ ಏನೂ ನಡೆಯದಿದ್ದಾಗ ಆಗುವಂಥದ್ದು ಅಂತ ಮಾಡಿಟ್ಟರಲ್ಲ, ಅಲ್ಲಿ ನನ್ನ ತಕರಾರು.

ಮೊದಲು ಎಲ್ಲವೂ ಹೆಣ್ಣು ಅನ್ನುವುದೇ ಸರಿಯಲ್ಲ. ಸುಮಾರು ಆರು ವಾರದವರೆಗೆ ಎರಡೂ ಅಲ್ಲ. ಮೂತ್ರಪಿಂಡ ಮೂಡುವ ಜಾಗದ ಪಕ್ಕ ಒಂದು ಜೊತೆ ಸಣ್ಣ ಉಬ್ಬು, ಅದು ವೃಷಣವೂ ಆಗಬಹುದು, ಅಂಡಾಶಯವೂ ಆಗಬಹುದು. ಜೊತೆಗೆ ಎರಡು ಬಗೆಯ ನಾಳ, ಗಂಡಿನ ವೀರ್ಯನಾಳ ಆಗಬಲ್ಲ ವುಲ್ಫಿಯನ್ ಮತ್ತು ಗರ್ಭಕೋಶ ಆಗಬಲ್ಲ ಮುಲ್ಲೇರಿಯನ್, ಪ್ರತಿ ಭ್ರೂಣದಲ್ಲೂ ಎರಡೂ ಇರುತ್ತವೆ. ಗಂಡಿನಲ್ಲಿ ಆರೇಳನೇ ವಾರಕ್ಕೆ ವೈ ಕ್ರೋಮೋಸೋಮಿನ ಎಸ್‌ಆರ್‌ವೈ ಜೀನ್ ಎದ್ದು ವೃಷಣ ಕಟ್ಟಿಸುತ್ತದೆ. 1990ರಲ್ಲಿ ಅದು ಸಿಕ್ಕಾಗ ಇಡೀ ಜಗತ್ತಿಗೆ ಸುದ್ದಿ.

ಹೆಣ್ಣಿನ ಕಡೆ? ಅಲ್ಲೂ ಜೀನ್‌ಗಳು ದುಡಿಯುತ್ತಿರುತ್ತವೆ. ಆರ್‌ಎಸ್‌ಪಿಒ1 ಅನ್ನುವ ಜೀನ್ ಕೆಟ್ಟರೆ, ವೈ ಇಲ್ಲದಿದ್ದರೂ ವೃಷಣ ಬೆಳೆಯಬಹುದು, ಮನುಷ್ಯರಲ್ಲೇ ಕಂಡಿದ್ದಾರೆ. 2009ರಲ್ಲಿ ಇನ್ನೊಂದು ಬೆರಗು: ಬೆಳೆದ ಹೆಣ್ಣಿಲಿಗಳ ಅಂಡಾಶಯದಲ್ಲಿ ಫಾಕ್ಸ್‌ಎಲ್2 ಜೀನ್ ತೆಗೆದರು, ಅಲ್ಲಿನ ಜೀವಕೋಶಗಳು ವೃಷಣದ ಜೀವಕೋಶಗಳಂತಾಗಿ ಗಂಡಿನಷ್ಟೇ ಟೆಸ್ಟೋಸ್ಟೆರಾನ್ ಸುರಿಸತೊಡಗಿದವು. ಅಂದರೆ ಅಂಡಾಶಯ ಅಂಡಾಶಯವಾಗಿ ಉಳಿಯುವುದಕ್ಕೂ ಜೀವನಪೂರ್ತಿ ಕೆಲಸ ನಡೆಯಬೇಕು! ಗಂಡಿಗೆ ಬೇಕಾದ ವುಲ್ಫಿಯನ್ ನಾಳ ಹೆಣ್ಣಿನಲ್ಲಿ ತಾನಾಗೇ ಕರಗುತ್ತದೆ ಅಂತ ನಂಬಿದ್ದರು. ಹಾಗಲ್ಲ, ಅದನ್ನು ತೆಗೆಸುವ ಪ್ರೋಟೀನೇ ಬೇರೆ ಇದೆ ಅಂತ 2017ರಲ್ಲಿ ಇಲಿಗಳಲ್ಲಿ ತೋರಿಸಿದರು. ಜೋಸ್ತ್ ಅವರಿಂದ ಇಲ್ಲಿಗೆ 70 ವರ್ಷ, ನೋಡಿ.

ಇಷ್ಟು ತಡ ಯಾಕೆ? ಹೆಣ್ಣಿನ ಕಡೆ ನಡೆಯುವ ಕೆಲಸ ಕೆಲಸವಾಗಿ ಕಾಣುವುದೇ ಕಡಿಮೆ, ಲ್ಯಾಬಿನಲ್ಲೂ ಅಷ್ಟೇ, ನಮ್ಮ ಮನೆಗಳಲ್ಲೂ ಅಷ್ಟೇ. ಹೆಣ್ಣು ಹುಟ್ಟಿದರೆ ಬೈಗುಳ ಮಾತ್ರ ಸೊಸೆಗೆ. ಎಕ್ಸ್ ಬರಬೇಕೋ ವೈ ಬರಬೇಕೋ ಅನ್ನುವುದು ಅಪ್ಪನ ವೀರ್ಯದಿಂದ ಮೊದಲ ದಿನವೇ ತೀರ್ಮಾನ ಆಗಿರುತ್ತದೆ. ಆದರೂ ಗಂಡಾಗಲಿ ಅಂತ ಎರಡನೇ ತಿಂಗಳಿಗೆ ಬಸುರಿಗೆ ಬೇರು ಅರೆದು ಕುಡಿಸುವವರನ್ನು ಬಾಗಲಕೋಟೆ ಸುತ್ತಮುತ್ತ ನಾನೇ ನೋಡಿದ್ದೇನೆ, ಅದರಲ್ಲಿ ಓದಿದವರೂ ಇದ್ದರು. ಅವರಿಗೆ ಯಾರು ಕಲಿಸಬೇಕಿತ್ತು? ನಾನು ಪಿಯುಸಿಯಲ್ಲಿದ್ದಾಗ ಈ ಪಾಠ ಬಂದ ದಿನ ಮಾಸ್ತರು "ಮನೆಯಲ್ಲಿ ಓದಿಕೊಳ್ಳಿ" ಅಂದು ಮುಂದಿನ ಪಾಠಕ್ಕೆ ಹೋಗಿಬಿಟ್ಟರು. ಈಗಲೂ ಎಷ್ಟೋ ಕಡೆ ಅದೇ ಕಥೆ.

ನೀವು ಆ ಪಾಠ ದಾಟಿಸಲಿಲ್ಲ, ಅದಕ್ಕೇ ನಿಮ್ಮ ಮೇಲೆ ಅಭಿಮಾನ. "ಹಾಗೇ ಉಳಿಯುತ್ತವೆ" ಅನ್ನುವ ಒಂದು ಮಾತನ್ನು ಮಾತ್ರ ನಾಳೆಯೇ ಬದಲಿಸಿ, ಹುಡುಗರೂ ಕೇಳುವಂತೆ ಹೇಳಿ. 20ನೇ ವಾರಕ್ಕೆ ಹೆಣ್ಣು ಭ್ರೂಣದ ಅಂಡಾಶಯಗಳಲ್ಲಿ 60ರಿಂದ 70 ಲಕ್ಷ ಅಂಡಾಣುಗಳಿರುತ್ತವೆ ಅಂತ ಆ ಹುಡುಗಿಗೆ ತಿಳಿಸಿ. ಆಮೇಲೆ ಅವಳು ಏನು ಕೇಳಿದಳು ಅಂತ ನಮಗೆ ಬರೆಯಿರಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

– ಸಂಪಾದಕ