ನಮ್ಮ ಕಡೆ ‘ನಕಲಿ’ ಅಂದರೆ ಮೋಸ ಅಲ್ಲ

ಮೈಸೂರು ಕಡೆಯಿಂದ ವರ್ಗವಾಗಿ ಮಹಾರಾಷ್ಟ್ರದ ಗಡಿ ಹತ್ತಿರದ ಚಿಕ್ಕೋಡಿಗೆ ಬಂದು ನಿಮಗೆ ಇನ್ನೂ ವಾರ ಆಗಿರಲಿಲ್ಲ. ‘ಈ ಕಡತಗಳನ್ನೆಲ್ಲ ಶನಿವಾರದೊಳಗೆ ಮುಗಿಸಿಬಿಡ್ತೀನಿ’ ಅಂದಿರಿ. ಪಕ್ಕದ ಮೇಜಿನವರು ನಕ್ಕು ‘ಏನ್ ಸರ, ನಕಲಿ ಮಾಡ್ತೀರಿ’ ಅಂದರು. ಬಂದ ವಾರದಲ್ಲೇ ನನ್ನನ್ನು ಮೋಸಗಾರ ಅಂದುಬಿಟ್ಟರಲ್ಲ ಅಂತ ನೀವು ರಾತ್ರಿಯೆಲ್ಲ ಕೊರಗಿದಿರಿ. ಆಮೇಲೆ ನನ್ನನ್ನು ಕೇಳಿದಿರಿ.

ಅವರು ಹಾಗೆ ಅನ್ನಲಿಲ್ಲ. ‘ತಮಾಷೆ ಮಾಡ್ತಿದೀರಾ?’ ಅಂತ ಕೇಳಿದರು, ಅಷ್ಟೇ. ನಮ್ಮ ಕಡೆ ‘ನಕಲಿ ಮಾಡಬ್ಯಾಡ್ರಿ’ ಅಂದರೆ ಹುಡುಗಾಟ ಬಿಡಿ ಅಂತ ಅರ್ಥ. ಚ್ಯಾಷ್ಟಿ, ಮಸ್ಕಿರಿ, ನಕಲಿ ಮೂರೂ ಒಂದೇ ಮನೆಯ ಮಾತುಗಳು. ‘ಅಂವ ಭಾಳ ನಕಲಿ ಮನಷ್ಯಾ’ ಅಂತ ಯಾರಾದರೂ ಹೇಳಿದರೆ ಹೆದರಬೇಡಿ. ಅವನ ಜೊತೆ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ ಅಂತ ಅರ್ಥ. ಅಂಥವರ ಗೆಳೆತನ ಮಾಡಿ.

ನಿಮ್ಮ ಕಡೆ ನಕಲಿ ಅಂದ ಕೂಡಲೇ ನೋಟು, ವೈದ್ಯ, ಅಂಕಪಟ್ಟಿ ನೆನಪಾಗುತ್ತವೆ. ಆ ಅರ್ಥ ನಮಗೂ ಇದೆ, ಇಲ್ಲ ಅಂತಲ್ಲ. ಆದರೆ ಇಲ್ಲಿ ಈ ಮಾತು ಮೊದಲು ಕಿವಿಗೆ ಬೀಳೋದು ನಗುವಿನ ಜೊತೆ. ಯಾಕೆ ಅಂತ ಹೇಳಬೇಕಾದರೆ ನಮ್ಮ ಅಜ್ಜನಿಂದ ಶುರು ಮಾಡಬೇಕು.

ಅಜ್ಜ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೋಗಿ ಬಂದ ರಾತ್ರಿ ನಮ್ಮ ಮನೆ ಕಟ್ಟೆ ತುಂಬಿಹೋಗುತ್ತಿತ್ತು. ಮಹಾರಾಷ್ಟ್ರದಿಂದಲೂ ಜನ ಬಂಡಿ ಕಟ್ಟಿಕೊಂಡು ಬರೋ ಜಾತ್ರೆ ಅದು. ‘ದಲಾಲಂದು ನಕಲ ಮಾಡ ಎಪ್ಪಾ’ ಅಂತ ಯಾರಾದರೂ ಅಂದರೆ ಸಾಕು, ಅಜ್ಜ ಹೆಗಲ ಮೇಲಿನ ಟವೆಲ್ ತೆಗೆದು ಬಲಗೈ ಮೇಲೆ ಹೊದಿಸಿಕೊಳ್ಳುತ್ತಿದ್ದರು. ಜಾತ್ರೆಯ ದನದ ಪೇಟೆಯಲ್ಲಿ ದಲ್ಲಾಳಿ ರೇಟು ಬಾಯಲ್ಲಿ ಹೇಳಲ್ಲ. ಟವೆಲ್ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ಹೇಳುತ್ತಾರೆ. ಎಷ್ಟು ಬೆರಳು ಹಿಡಿದರು, ಹೇಗೆ ಒತ್ತಿದರು ಅನ್ನೋದರ ಮೇಲೆ ಲೆಕ್ಕ. ಸುತ್ತ ನಿಂತವರಿಗೆ ಏನೂ ಗೊತ್ತಾಗಬಾರದು.

ಅಜ್ಜ ನನ್ನ ಕೈಯನ್ನು ಟವೆಲ್ ಒಳಗೆ ಎಳೆದುಕೊಳ್ಳುತ್ತಿದ್ದರು. ಒಳಗೆ ನನ್ನ ಮೂರು ಬೆರಳು ಅವರ ಒರಟು ಅಂಗೈಯಲ್ಲಿ. ಹೊರಗೆ ಅವರ ಮುಖ ಕಲ್ಲು. ಒಮ್ಮೆ ಬೆರಳು ಅಮುಕಿ, ತಕ್ಷಣ ತಲೆ ಬಲಕ್ಕೆ ತಿರುಗಿಸಿ ಮಾರೋನಿಗೆ ಕನ್ನಡದಲ್ಲಿ ‘ಇಷ್ಟಕ್ಕ ಕೊಡು, ಎತ್ತಿನ ಹಲ್ಲ ನೋಡೀನಿ’ ಅನ್ನೋರು. ಎಡಕ್ಕೆ ತಿರುಗಿ ಕೊಳ್ಳೋನಿಗೆ ಮರಾಠಿಯಲ್ಲಿ ಅದೇ ಎತ್ತನ್ನು ಹೊಗಳೋರು. ಕನ್ನಡ ಆಡುವಾಗ ಸಿಟ್ಟಿನ ದನಿ, ಮರಾಠಿ ಆಡುವಾಗ ಬೆಣ್ಣೆಯಂಥ ದನಿ. ಕೊನೆಗೆ ಟವೆಲ್ ಕೊಡವಿ, ಯಾರೂ ನೋಡದ ಹಾಗೆ ದಲ್ಲಾಳಿಯ ಪಾಲು ಅಂಗಿ ಜೇಬಿಗೆ ಇಳಿಸೋರು. ಜೇಬಿನಲ್ಲಿ ಏನೂ ಇರುತ್ತಿರಲಿಲ್ಲ. ಆದರೂ ಅದರ ಭಾರಕ್ಕೆ ಅಂಗಿ ಒಂದು ಕಡೆ ವಾಲಿದ ಹಾಗೆ ಹೆಗಲು ತಗ್ಗಿಸುತ್ತಿದ್ದರು. ಆ ಹೆಗಲು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇದಕ್ಕೆ ನಾವು ‘ನಕಲ ಮಾಡೋದು’ ಅನ್ನುತ್ತೇವೆ. ಮರಾಠಿಯವರು ‘ನಕ್ಕಲ’ ಅನ್ನುತ್ತಾರೆ, ವೇದಿಕೆ ಮೇಲೆ ಮಾಡೋರಿಗೆ ‘ನಕಲಾಕಾರ’ ಅನ್ನುತ್ತಾರೆ. ನಿಮ್ಮ ಕಡೆ ಮಿಮಿಕ್ರಿ ಅಂತೀರಲ್ವಾ, ಅದು. ನಕಲು ಮಾಡಿದರೆ ಜನ ನಗುತ್ತಾರೆ. ಹಾಗಾಗಿ ನಗಿಸೋ ಮಾತೆಲ್ಲ ನಮ್ಮಲ್ಲಿ ನಕಲಿ. ನಿಮ್ಮ ಪಕ್ಕದ ಮೇಜಿನವರ ಮಾತು ಇಲ್ಲಿಂದಲೇ ಬಂದದ್ದು.

ಇಲ್ಲಿ ಒಂದು ಸೂಕ್ಷ್ಮ ಇದೆ. ಹೊರಗಿನವರು ಇದನ್ನು ಬೇಗ ತಿಳಿದುಕೊಂಡರೆ ಒಳ್ಳೆಯದು. ನಕಲು ಬೇರೆ, ಅಣಕ ಬೇರೆ. ಅಣಕ ನಮ್ಮದೇ ಹಳೇ ಮಾತು. ಅದರಲ್ಲಿ ಚುಚ್ಚು ಇದೆ. ಕುಂಟೋನ ಹಿಂದೆ ಕುಂಟುತ್ತಾ ಹೋದರೆ ಅದು ಅಣಕಿಸೋದು. ಮನೆಯಲ್ಲಿ ಪೆಟ್ಟು ಬೀಳುತ್ತಿತ್ತು. ಯಾರಿಗೋ ವಿರೋಧ ತೋರಿಸಲು ಮಾಡೋ ಅಣಕು ಶವಯಾತ್ರೆಯ ಸುದ್ದಿ ಪೇಪರಿನಲ್ಲಿ ಓದಿರುತ್ತೀರಿ. ಅದನ್ನು ಯಾರೂ ‘ನಕಲು ಶವಯಾತ್ರೆ’ ಅನ್ನಲ್ಲ. ಅಗ್ನಿಶಾಮಕದವರ ‘ಅಣಕು ಪ್ರದರ್ಶನ’ಕ್ಕೆ ಮಾತ್ರ ಆ ಹೆಸರು ಹೇಗೆ ಅಂಟಿಕೊಂಡಿತೋ, ಅಲ್ಲಿ ಯಾರನ್ನೂ ಗೇಲಿ ಮಾಡೋದಿಲ್ಲವಲ್ಲ.

ಅಜ್ಜ ಯಾರ ನಕಲು ಮಾಡುತ್ತಿದ್ದರೋ ಆ ಮನುಷ್ಯ ಎಷ್ಟೋ ಸಲ ಎದುರಲ್ಲೇ ಕೂತಿರುತ್ತಿದ್ದ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನೂ ಅವನೇ. ನಮ್ಮೂರಲ್ಲಿ ಅದೇ ಪರೀಕ್ಷೆ. ಎದುರಿಗೆ ಮಾಡಬಹುದಾದರೆ ನಕಲು. ಬೆನ್ನ ಹಿಂದೆ ಮಾತ್ರ ಮಾಡಬೇಕಾದರೆ ಅದು ಅಣಕ.

ಇದೇ ಕುಟುಂಬದ ಇನ್ನೊಂದು ಮಾತು ಸೋಗು. ಮರಾಠಿಯಲ್ಲಿ ಸೋಂಗ್. ಬಾಗಲಕೋಟೆ ಹೋಳಿಯಲ್ಲಿ ಸೋಗಿನ ಬಂಡಿ ಹೊರಡುತ್ತದೆ, ವೇಷ ಹಾಕಿದವರು ಬಂಡಿ ಮೇಲೆ ನಿಂತು ಬರುತ್ತಾರೆ. ಹುಡುಗ ಶಾಲೆ ತಪ್ಪಿಸಲು ಹೊಟ್ಟೆ ಹಿಡಿದುಕೊಂಡರೆ ತಾಯಿ ‘ಸೋಗ ಹಾಕಬ್ಯಾಡ’ ಅನ್ನುತ್ತಾಳೆ. ನಕಲು ಮಾಡೋಕೆ ಇನ್ನೊಬ್ಬ ಬೇಕು, ಸೋಗಿಗೆ ಬೇಡ.

ಈಗ ಕಚೇರಿಯ ಮಾತು. ನಿಮ್ಮ ಕೆಲಸಕ್ಕೆ ಬೇಕಾಗೋದು ಇದು. ಹಳ್ಳಿಯಿಂದ ಬಂದ ಮುದುಕರು ನಿಮ್ಮ ಮುಂದೆ ನಿಂತು ‘ಉತಾರದ ನಕಲ ಬೇಕಾಗೇತ್ರಿ’ ಅಂದರೆ ಗಾಬರಿಯಾಗಬೇಡಿ. ಅವರು ಖೊಟ್ಟಿ ಕಾಗದ ಕೇಳುತ್ತಿಲ್ಲ. ಪಹಣಿಗೆ ನಮ್ಮಲ್ಲಿ ಉತಾರ ಅನ್ನುತ್ತಾರೆ. ಅದರ ದೃಢೀಕರಿಸಿದ ಪ್ರತಿ ಕೇಳುತ್ತಿದ್ದಾರೆ. 1956ರ ನವೆಂಬರ್ 1ರವರೆಗೆ ನಾವು ಮುಂಬಯಿಯ ಆಡಳಿತದಲ್ಲಿದ್ದೆವು. ಕಚೇರಿಯ ಮಾತುಗಳು ಆ ಕಡೆಯಿಂದ ಬಂದವು, ಇಲ್ಲೇ ಉಳಿದವು.

ನಕಲಿನ ಜೋಡಿ ಅಸಲು. ಕೋರ್ಟಿನಲ್ಲಿ ಅಸಲು ದಾವೆ, ಸಾಲದಲ್ಲಿ ಅಸಲು ಬಡ್ಡಿ, ಮಾತಿನಲ್ಲಿ ಅಸಲಿಗೆ. ಎರಡೂ ಅರಬ್ಬಿಯಿಂದ ಪಾರಸಿ ಹಾಯ್ದು ನಮ್ಮ ಕಡೆ ಬಂದವು. ಅರಬ್ಬಿಯಲ್ಲಿ ಅಸಲು ಅಂದರೆ ಬೇರು. ನಕಲು ಅಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸೋದು. ಈಜಿಪ್ಟಿನಲ್ಲಿ ಇವತ್ತಿಗೂ ಸಾರಿಗೆ ಇಲಾಖೆಯ ಹೆಸರಿನಲ್ಲಿ ಇದೇ ಪದ ಇದೆ. ಇದು ಗೊತ್ತಾದ ದಿನ ನನಗೆ ತುಂಬ ಖುಷಿಯಾಯಿತು. ಅಜ್ಜ ಚಿಂಚಲಿಯ ದಲ್ಲಾಳಿಯನ್ನು ನಮ್ಮ ಕಟ್ಟೆವರೆಗೆ ಹೊತ್ತು ತಂದಿದ್ದರು ಅಲ್ವಾ.

ಕಾಗದದ ನಕಲೂ ಹಾಗೇ ಸಾಗಿ ಬರುತ್ತದೆ. ನಮ್ಮ ಹೊಲದ ಹಳೇ ದಾಖಲೆ ಮೋಡಿ ಲಿಪಿಯಲ್ಲಿತ್ತು. ಮರಾಠಿಯನ್ನು ಲೇಖಣಿ ಎತ್ತದೆ ಓಡಿಸಿ ಬರೆಯೋ ಲಿಪಿ ಅದು. ಈಗಿನ ಮರಾಠಿ ಓದಬಲ್ಲವರಿಗೂ ಅರ್ಥ ಆಗಲ್ಲ. ಅಪ್ಪ ನನ್ನನ್ನು ಕರೆದುಕೊಂಡು ಮೋಡಿ ಬಲ್ಲ ಒಬ್ಬ ಹಿರಿಯರ ಮನೆಗೆ ಹೋದರು. ಅವರು ಕನ್ನಡಕ ಹಣೆಗೇರಿಸಿ, ಕಾಗದವನ್ನು ಮೂಗಿನ ಹತ್ತಿರ ಹಿಡಿದು, ಕಿರುಬೆರಳಿನ ಉಗುರನ್ನು ಸಾಲಿನ ಕೆಳಗೆ ಓಡಿಸುತ್ತಾ ಓದಿದರು. ಮಧ್ಯೆ ನಮ್ಮ ಮುತ್ತಜ್ಜನ ಹೆಸರು ಬಂತು. ಅಪ್ಪ ಕೂತಲ್ಲೇ ಕೈ ಮುಗಿದರು.

ಹಿರಿಯರು ಅದನ್ನು ದೇವನಾಗರಿಯಲ್ಲಿ ಬರೆದರು. ಅದರಿಂದ ಇನ್ನೊಬ್ಬರು ಕನ್ನಡಕ್ಕೆ ಇಳಿಸಿದರು. ಅಸಲು ಕಾಗದ ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿತ್ತು. ಈಗ ಮನೆಯ ಟ್ರಂಕಿನಲ್ಲಿ ಗಟ್ಟಿಯಾಗಿ ಇರೋದು ನಕಲಿನ ನಕಲು. ದಾಯಾದಿಗಳ ಜೊತೆ ಬಾಂದಿನ, ಅಂದರೆ ಹೊಲದ ಗಡಿಯ, ತಕರಾರು ಬಂದಾಗ ಎಲ್ಲರೂ ಅದನ್ನೇ ಮುಂದಿಟ್ಟುಕೊಂಡು ಕೂತರು. ಅದನ್ನು ಯಾರೂ ನಕಲಿ ಅನ್ನಲಿಲ್ಲ. ನಕಲು ಅಂದರು. ಒಂದು ‘ಇ’ಕಾರದಲ್ಲಿ ಎಷ್ಟು ದೂರ ಇದೆ ನೋಡಿ.

ಹಾಗಂತ ಈ ಮಾತಿಗೆ ಕೆಟ್ಟ ಮುಖ ಇಲ್ಲ ಅಂತ ಅಲ್ಲ. ಒಂದು ವರ್ಷ ಸೋಯಾ ಬಿತ್ತೋಕೆ ಒಂದು ಅಂಗಡಿಯಿಂದ ಬೀಜದ ಚೀಲ ತಂದೆವು. ಚೀಲ ಹೊಸದು, ಮುದ್ರೆ ಸ್ವಚ್ಛ. ಹದಕ್ಕೆ ಮಳೆಯೂ ಆಗಿತ್ತು. ಎಂಟು ದಿನ ಕಳೆದರೂ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಮೊಳಕೆ, ಉಳಿದದ್ದು ಬರೀ ಮಣ್ಣು. ಅವ್ವ ಸಾಲಿನುದ್ದ ಕೂತು ಮಣ್ಣು ಕೆದರಿ ಕೊಳೆತ ಕಾಳು ಅಂಗೈಯಲ್ಲಿ ತಂದು ತೋರಿಸಿದಳು. ಅವತ್ತು ಮನೆಯಲ್ಲಿ ನಕಲಿ ಅನ್ನೋ ಪದಕ್ಕೆ ನಗು ಇರಲಿಲ್ಲ.

ಪರೀಕ್ಷೆಯ ನಕಲಿನ ಬಗ್ಗೆ ಜಾಸ್ತಿ ಹೇಳಲ್ಲ. ಅದು ಗಡಿಯ ವಿಶೇಷ ಏನೂ ಅಲ್ಲ, ರಾಜ್ಯಕ್ಕೆಲ್ಲ ಅಂಟಿದ ರೋಗ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಚೀಟಿ ನೋಡಿ ಬರೆದ ಹುಡುಗನಿಗೆ ಆ ಉತ್ತರದ ಒಂದು ಸಾಲೂ ಮಾರನೇ ದಿನ ನೆನಪಿರಲ್ಲ. ಹುಲಿ ಬಣ್ಣಕ್ಕೆ ಮೆಚ್ಚಿ ನರಿ ಮೈ ಸುಟ್ಟುಕೊಂಡಿತು ಅಂತ ಹಿರಿಯರು ಇಂಥದ್ದಕ್ಕೇ ಹೇಳಿದ್ದು.

ನಿಮ್ಮ ಇನ್ನೊಂದು ಪ್ರಶ್ನೆ ಇತ್ತು. ಇಲ್ಲಿಯ ಕನ್ನಡ ಮರಾಠಿಯ ನಕಲಾ ಅಂತ. ಬೇರೆ ಯಾರಾದರೂ ಕೇಳಿದ್ದರೆ ನೋವಾಗುತ್ತಿತ್ತು. ನೀವು ತಿಳಿಯೋಕೆ ಕೇಳಿದ್ದೀರಿ, ಹಾಗಾಗಿ ಹೇಳುತ್ತೇನೆ. ಬರೋಬ್ಬರಿ, ಖೊಟ್ಟಿ, ಉತಾರ ಆ ಕಡೆಯಿಂದ ಬಂದವು, ನಿಜ. ಆದರೆ ಮರಾಠಿಯವರು ಅಡಕೆ ಕತ್ತರಿಸೋ ಸಾಧನಕ್ಕೆ ಏನಂತಾರೆ ಕೇಳಿ ನೋಡಿ. ಅಡಕಿತ್ತಾ ಅಂತಾರೆ. ಅದು ನಮ್ಮ ಅಡಕೊತ್ತು. ಅಣ್ಣಾ, ಅಕ್ಕಾ ಅವರ ಮನೆಯಲ್ಲೂ ಇದ್ದಾರೆ. ಇಲ್ಲಿ ಯಾವುದು ಅಸಲು ಯಾವುದು ನಕಲು ಅಂತ ಗೆರೆ ಹಾಕೋಕೆ ಹೋದರೆ ಗೆರೆ ಅಡುಗೆಮನೆಯೊಳಗೇ ಹಾದುಹೋಗುತ್ತದೆ. ನಮ್ಮ ಚಿಕ್ಕಮ್ಮ ಮಹಾರಾಷ್ಟ್ರದ ಕಾಗಲದವರು. ಅವರು ಮಕ್ಕಳಿಗೆ ಮರಾಠಿಯಲ್ಲಿ ಜೋಗುಳ ಹಾಡಿ ಕನ್ನಡದಲ್ಲಿ ಬಯ್ಯುತ್ತಾರೆ.

ಚಹಾದಂಗಡಿಯಲ್ಲಿ ಕೂತಾಗ ಒಂದು ಸಂಗತಿ ಗಮನಿಸಿ. ಕನ್ನಡದಲ್ಲಿ ನಾವು ‘ಚಹಾ ಗಿಹಾ’, ‘ಊಟ ಗೀಟ’ ಅನ್ನುತ್ತೇವೆ. ಪದ ತನ್ನ ನಕಲನ್ನು ತಾನೇ ಮಾಡಿಕೊಳ್ಳುತ್ತದೆ, ಮೊದಲಕ್ಷರ ಮಾತ್ರ ‘ಗಿ’ ಆಗುತ್ತದೆ. ಮರಾಠಿಯಲ್ಲಿ ಅದು ‘ಬಿ’. ‘ಚಹಾ ಬಿಹಾ’, ‘ಜೇವಣ ಬಿವಣ’. ನಮ್ಮೂರಿನ ಸ್ಟ್ಯಾಂಡಿನಲ್ಲಿ ಚಹಾ ಕೊಡೋ ಹುಡುಗ ಗಿರಾಕಿಯ ಮುಖ ನೋಡುತ್ತಾನೆ. ಒಂದು ಬೆಂಚಿನತ್ತ ತಿರುಗಿ ‘ಚಹಾ ಗಿಹಾ?’ ಅಂತಾನೆ, ಇನ್ನೊಂದರತ್ತ ತಿರುಗಿ ‘ಚಹಾ ಬಿಹಾ?’ ಅಂತಾನೆ. ಅವನಿಗೆ ಅದು ಎರಡು ಭಾಷೆ ಅಂತ ಅನ್ನಿಸೋದೇ ಇಲ್ಲ. ಆ ಮನುಷ್ಯನಿಗೆ ಹಾಗೆ ಕೇಳಬೇಕು, ಈ ಮನುಷ್ಯನಿಗೆ ಹೀಗೆ.

ಅಜ್ಜ ತೀರಿಕೊಂಡ ಮೂರನೇ ದಿನ ಮಣ್ಣಿಗೆ ಹಾಲು ಹಾಕಿ ಬಂದು ಎಲ್ಲರೂ ಕಟ್ಟೆ ಮೇಲೆ ಸುಮ್ನೆ ಕೂತಿದ್ದೆವು. ಎದುರು ಮನೆಯ ಮುದುಕ ತನ್ನ ಟವೆಲ್ ತೆಗೆದು ಬಲಗೈ ಮೇಲೆ ಹೊದಿಸಿಕೊಂಡ. ಏನೂ ಮಾತಾಡಲಿಲ್ಲ. ಮುಖ ಕಲ್ಲು ಮಾಡಿಕೊಂಡು, ಟವೆಲ್ ಕೊಡವಿ, ಖಾಲಿ ಕೈಯನ್ನು ಜೇಬಿಗೆ ಇಳಿಸಿ ಒಂದು ಹೆಗಲು ತಗ್ಗಿಸಿದ. ಅದು ದಲ್ಲಾಳಿಯ ನಕಲು ಅಲ್ಲ. ದಲ್ಲಾಳಿಯ ನಕಲು ಮಾಡುವ ಅಜ್ಜನ ನಕಲು. ಅವ್ವ ನಕ್ಕಳು. ನಗುತ್ತಲೇ ಸೆರಗು ಬಾಯಿಗೆ ಒತ್ತಿಕೊಂಡಳು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ನಿಮ್ಮ ಕಚೇರಿಗೆ ನಾನು ಕಳೆದ ಮಂಗಳವಾರ ಬಂದಿದ್ದೆ. ನೀವು ಊಟಕ್ಕೆ ಹೋಗಿದ್ದಿರಿ. ಆ ಪಕ್ಕದ ಮೇಜಿನವರು ಪೆನ್ನನ್ನು ನಿಮ್ಮ ಹಾಗೇ ಕಿವಿಗೆ ಸಿಕ್ಕಿಸಿ, ತಲೆ ಓರೆ ಮಾಡಿ, ‘ಹೌದಾ? ಹಾಗಾ?’ ಅಂತ ನಿಮ್ಮ ಮೈಸೂರಿನ ರಾಗದಲ್ಲೇ ಮಾಡಿ ತೋರಿಸುತ್ತಿದ್ದರು. ತುಂಬ ಚೆನ್ನಾಗಿ ಮಾಡುತ್ತಾರೆ. ನಾಳೆ ಹೋಗಿ ‘ನನ್ನ ನಕಲ ನನ್ನ ಮುಂದ ಮಾಡ್ರಿ’ ಅಂತ ಕೇಳಿ. ಖಂಡಿತ ಮಾಡುತ್ತಾರೆ. ಆಮೇಲೆ ನೀವು ಅವರ ‘ಹೌದ್ರಿ’ಯನ್ನು ಮಾಡಿ ತೋರಿಸಿ, ಕೊನೆಯ ‘ರಿ’ಯನ್ನು ಸ್ವಲ್ಪ ಎಳೆಯಬೇಕು.